ಅಂಚೆಯಲ್ಲಿ ಬರುವ ಅದೃಷ್ಟ ಮತ್ತು ಹಿನ್ನಡೆಯ ಪಾಠ

ಸೋಲಿನಿಂದ ಪಾಠ ಕಲಿಯಬೇಕು ಎಂಬ ಮಾತನ್ನು ಕೇಳದವರಿಲ್ಲ. ಮಾತು ಸತ್ಯವೇ. ಒಮ್ಮೆ ಬಟ್ಟೆಯನ್ನು ತಪ್ಪಾಗಿ ಕತ್ತರಿಸಿದ ದರ್ಜಿ ಮುಂದಿನ ಸಲ ಕತ್ತರಿ ಹಿಡಿಯುವ ಮೊದಲು ಎರಡು ಬಾರಿ ಅಳೆಯುತ್ತಾನೆ. ಮೊದಲ ಮಳೆಗೇ ಮರುಳಾಗಿ ಬಿತ್ತಿ ಬೀಜ ಕಳೆದುಕೊಂಡ ರೈತ ಮರುವರ್ಷ ಮಣ್ಣಿನ ಹದ ನೋಡಿ ಬಿತ್ತುತ್ತಾನೆ. ಸಾಲ ಕೊಟ್ಟು ಕೈಸುಟ್ಟುಕೊಂಡ ಅಂಗಡಿಯವನಿಗೆ ಯಾರಿಗೆ ಎಷ್ಟು ಕೊಡಬಹುದೆಂಬುದು ಆಮೇಲೆ ಚೆನ್ನಾಗಿ ತಿಳಿದಿರುತ್ತದೆ. ಇವರ ನಷ್ಟ ನಷ್ಟವಾಗಿಯೇ ಉಳಿಯುವುದಿಲ್ಲ. ಅದು ಕೈಗಿಳಿದು ಕಸುಬಾಗುತ್ತದೆ.

ಆದರೆ ಎಲ್ಲ ನಷ್ಟಗಳೂ ಹೀಗೆ ಪಾಠ ಹೇಳುತ್ತವೆಯೇ? ಸಂಬಳ ಸಾಲದೆ, ಬಿಡುವಿನ ವೇಳೆಯಲ್ಲಿ ನಾಲ್ಕು ಕಾಸು ಗಳಿಸಬೇಕೆಂದು ಹೊರಟವನೊಬ್ಬ ಬಹುಮಾನ ಯೋಜನೆಗಳಿಗೆ ಅಂಚೆಯಲ್ಲಿ ಕಾಗದ ಬರೆಯುವುದನ್ನೇ ಉಪಕಸುಬು ಮಾಡಿಕೊಂಡರೆ, ಅವನಿಗೆ ಎದುರಾಗುವ ಹಿನ್ನಡೆಗಳು ಅವನಿಗೆ ಏನನ್ನು ಕಲಿಸುತ್ತವೆ? ಅಮೆರಿಕದಲ್ಲಿ ಇದು ಮನೆಮನೆಗೂ ಪರಿಚಿತವಾದ ಸಂಗತಿ. ಅಲ್ಲಿ ಇದಕ್ಕೆ ‘ಸ್ವೀಪ್‌ಸ್ಟೇಕ್ಸ್’ ಎನ್ನುತ್ತಾರೆ. ನಮ್ಮ ಜಿಲ್ಲೆಗಳ ಎಷ್ಟೋ ಮುಸ್ಲಿಮ್ ಕುಟುಂಬಗಳ ಮಕ್ಕಳು, ಅಳಿಯಂದಿರು ಇಂದು ಆ ದೇಶದಲ್ಲಿ ಓದುತ್ತಾ, ದುಡಿಯುತ್ತಾ ಇದ್ದಾರೆ. “ಇದಕ್ಕೆ ನಾವು ಹಣ ಕಟ್ಟುವುದೇ ಇಲ್ಲ. ಅಂಚೆಚೀಟಿಯ ಖರ್ಚು ಮಾತ್ರ. ಹಾಗಿರುವಾಗ ಇದು ಜೂಜು ಹೇಗಾಗುತ್ತದೆ?” ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಏಳುವುದು ಸಹಜ. ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ಅದರ ಒಳಹೊರಗನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಹಣ ಕೇಳದ ಚೀಟಿ

ಸ್ವೀಪ್‌ಸ್ಟೇಕ್ಸ್ ಎಂಬುದು ಕುದುರೆ ಪಂದ್ಯದ ಮೈದಾನದಲ್ಲಿ ಬಳಕೆಯಾದ ಪದ. ಹಲವರು ಹೂಡಿದ ಪಣವನ್ನೆಲ್ಲ ಒಬ್ಬನೇ ಗುಡಿಸಿಕೊಂಡು ಹೋಗುವುದು ಎಂಬುದು ಅದರ ಮೂಲ ಅರ್ಥ. ಅಮೆರಿಕದ ಕಾನೂನಿನ ದೃಷ್ಟಿಯಲ್ಲಿ ಮೂರು ಅಂಶಗಳು ಕೂಡಿದರೆ ಅದು ಲಾಟರಿ. ಬಹುಮಾನವಿರಬೇಕು, ಅದು ಅದೃಷ್ಟದಿಂದ ನಿರ್ಧಾರವಾಗಬೇಕು, ಭಾಗವಹಿಸಲು ಹಣ ಕೊಡಬೇಕು. ಇಂಥ ಲಾಟರಿಯನ್ನು ಖಾಸಗಿ ಕಂಪೆನಿಗಳು ನಡೆಸುವಂತಿಲ್ಲ. ವ್ಯಾಪಾರಿಗಳು ಕಂಡುಕೊಂಡ ದಾರಿಯೆಂದರೆ ಮೂರನೆಯ ಅಂಶವನ್ನು ತೆಗೆದುಬಿಡುವುದು. ಸಾಬೂನು ಕೊಂಡವನಿಗೆ ಕೂಪನ್ ಸಿಗುತ್ತದೆ. ಕೊಳ್ಳದವನೂ ತನ್ನ ಹೆಸರು ವಿಳಾಸಗಳನ್ನು ಒಂದು ಕಾರ್ಡಿನ ಮೇಲೆ ಕೈಯಾರೆ ಬರೆದು ಅಂಚೆಗೆ ಹಾಕಿದರೆ ಅವನಿಗೂ ಅಷ್ಟೇ ಅವಕಾಶ. ‘ಖರೀದಿಯ ಅಗತ್ಯವಿಲ್ಲ’ ಎಂಬ ಸಣ್ಣಕ್ಷರದ ಸಾಲು ಇಡೀ ಯೋಜನೆಯನ್ನು ಕಾನೂನಿನ ಕೈಯಿಂದ ಪಾರು ಮಾಡುತ್ತದೆ. ಬ್ರಿಟನ್ನಿನ 2005ರ ಜೂಜು ಕಾಯ್ದೆಯೂ ಸಾಮಾನ್ಯ ದರದ ಅಂಚೆವೆಚ್ಚವನ್ನು ಶುಲ್ಕವೆಂದು ಎಣಿಸುವುದಿಲ್ಲ.

ಈ ವ್ಯವಹಾರದಲ್ಲಿ ದೊಡ್ಡ ಹೆಸರು ಪಬ್ಲಿಷರ್ಸ್ ಕ್ಲಿಯರಿಂಗ್ ಹೌಸ್. 1953ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಆರಂಭವಾದ ಈ ಸಂಸ್ಥೆ ಅಂಚೆಯ ಮೂಲಕ ಪತ್ರಿಕೆಗಳಿಗೆ ಚಂದಾ ಸಂಗ್ರಹಿಸುತ್ತಿತ್ತು. 1967ರಲ್ಲಿ ಚಂದಾ ಹೆಚ್ಚಿಸಲು ಬಹುಮಾನದ ಆಸೆಯನ್ನು ಜೊತೆಗಿಟ್ಟಿತು. ಮುಂದಿನ ವರ್ಷಗಳಲ್ಲಿ ಪತ್ರಿಕೆಗಳನ್ನು ಜನ ಮರೆತರು, ಬಹುಮಾನವನ್ನು ಮರೆಯಲಿಲ್ಲ.

ಈಚಿನ ಹತ್ತು ಹನ್ನೆರಡು ವರ್ಷಗಳಲ್ಲಿ ಇದಕ್ಕೆ ಹೊಸ ವೇಷ ಬಂದಿದೆ. ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಚಕ್ರ ತಿರುಗಿಸುವ ಜೂಜಿನ ಆಟಗಳಿವೆಯಲ್ಲ, ಅವುಗಳನ್ನು ‘ಸ್ವೀಪ್‌ಸ್ಟೇಕ್ಸ್’ ಎಂಬ ಹೆಸರಿನಲ್ಲಿ ನಡೆಸುವ ಕಂಪೆನಿಗಳು ಹುಟ್ಟಿಕೊಂಡವು. ಅಲ್ಲಿ ಎರಡು ಬಗೆಯ ನಾಣ್ಯ. ಒಂದು ಬರೀ ಆಟಕ್ಕೆ. ಇನ್ನೊಂದನ್ನು ಆಡಿ ಗೆದ್ದರೆ ಡಾಲರಾಗಿ ಬದಲಿಸಿಕೊಳ್ಳಬಹುದು. ಈ ಎರಡನೆಯ ನಾಣ್ಯವನ್ನು ಹಣ ಕೊಡದೆಯೂ ಪಡೆಯುವ ದಾರಿ ಇರಲೇಬೇಕಲ್ಲ? ಆ ದಾರಿಯೇ ಅಂಚೆ. ಕಂಪೆನಿ ಹೇಳಿದ ಅಳತೆಯ ಕಾಗದದ ಮೇಲೆ, ಹೇಳಿದ ಮಾತುಗಳನ್ನು, ಹೇಳಿದ ಸಂಕೇತ ಸಂಖ್ಯೆಯೊಂದಿಗೆ ಕೈಯಾರೆ ಬರೆದು ಕಳುಹಿಸಿದರೆ ಖಾತೆಗೆ ಕೆಲವು ನಾಣ್ಯಗಳು ಬಂದು ಬೀಳುತ್ತವೆ. ಒಂದು ಕಾಗದಕ್ಕೆ ಐದು ನಾಣ್ಯ ಕೊಡುತ್ತಿದ್ದ ಕಂಪೆನಿಗಳುಂಟು. ಒಂದು ನಾಣ್ಯವೆಂದರೆ ಒಂದು ಡಾಲರು ಎಂಬ ಲೆಕ್ಕ. ಇಲ್ಲಿಂದಲೇ ‘ಉಪ ಆದಾಯ’ ಎಂಬ ಮಾತು ಹುಟ್ಟಿತು.

ಕಾಗದ ಬರೆಯುವವನ ದಿನಚರಿ

ಅಂಥ ಒಬ್ಬನನ್ನು ಕಲ್ಪಿಸಿಕೊಳ್ಳೋಣ. ಹಗಲು ಅಂಗಡಿಯಲ್ಲೋ ಉಗ್ರಾಣದಲ್ಲೋ ಕೆಲಸ. ರಾತ್ರಿ ಊಟವಾದ ಮೇಲೆ ಮೇಜಿನ ಮುಂದೆ ಕೂರುತ್ತಾನೆ. ಒಂದು ಕಾಗದ ಅಂದವಾಗಿ ಬರೆದು, ಲಕೋಟೆಯ ಮೇಲೆ ವಿಳಾಸ ಬರೆದು, ಅಂಟಿಸಿ ಮುಗಿಸಲು ಹತ್ತು ನಿಮಿಷವೆಂದರೆ ಗಂಟೆಗೆ ಆರು ಕಾಗದ. ಅಮೆರಿಕದ ಸಾಮಾನ್ಯ ಪತ್ರದ ಅಂಚೆದರ 2025ರ ಜುಲೈಯಲ್ಲಿ 73 ಸೆಂಟಿನಿಂದ 78 ಸೆಂಟಿಗೆ ಏರಿತು. ಲಕೋಟೆ, ಕಾಗದ ಸೇರಿದರೆ ಹೆಚ್ಚು ಕಡಿಮೆ ಒಂದು ಡಾಲರು. ಬರುವುದು ಐದು. ಗಂಟೆಗೆ ಆರು ಡಾಲರು ಹಾಕಿ ಮೂವತ್ತು ತೆಗೆಯಬಹುದೆಂದರೆ ಯಾರಿಗೆ ಬೇಡ? ಕಾಗದದ ಮೇಲಿನ ಲೆಕ್ಕ ಇದು.

ಮೊದಲ ಕಂತು ಕಳುಹಿಸಿ ವಾರಗಟ್ಟಲೆ ಕಾಯುತ್ತಾನೆ. ಅರ್ಧ ಕಾಗದಗಳು ತಿರಸ್ಕೃತವಾಗುತ್ತವೆ. ಸಂಕೇತ ಸಂಖ್ಯೆಯ ಒಂದು ಅಕ್ಷರ ಸ್ಪಷ್ಟವಿರಲಿಲ್ಲ. ಇನ್ನೊಂದರಲ್ಲಿ ಖಾತೆಯ ವಿಳಾಸಕ್ಕೂ ಲಕೋಟೆಯ ವಿಳಾಸಕ್ಕೂ ತಾಳೆಯಾಗಲಿಲ್ಲ. ಮತ್ತೊಂದರಲ್ಲಿ ಹೇಳಿದ ವಾಕ್ಯದ ಒಂದು ಪದ ಬಿಟ್ಟುಹೋಗಿತ್ತು. ಅವನು ಎದೆಗುಂದುವುದಿಲ್ಲ. ಹಿನ್ನಡೆಯಿಂದ ಕಲಿಯಬೇಕು ಎಂದು ಬಲ್ಲವನು. ಮಾದರಿ ಕಾಗದವೊಂದನ್ನು ಎದುರಿಗೆ ಅಂಟಿಸಿಕೊಳ್ಳುತ್ತಾನೆ, ಪ್ರತಿ ಕಾಗದದ ನಕಲು ಇಟ್ಟುಕೊಳ್ಳುತ್ತಾನೆ, ಕಳುಹಿಸಿದ ದಿನಾಂಕವನ್ನು ಪುಸ್ತಕದಲ್ಲಿ ಬರೆಯುತ್ತಾನೆ. ಎರಡನೆಯ ಕಂತಿನಲ್ಲಿ ತಿರಸ್ಕಾರ ಕಡಿಮೆಯಾಗುತ್ತದೆ. ತಾನು ಪಳಗಿದೆನೆಂದು ಅವನಿಗನಿಸುತ್ತದೆ.

ನಾಣ್ಯ ಬಂತು. ಆದರೆ ಅದನ್ನು ನೇರವಾಗಿ ಡಾಲರಾಗಿ ಬದಲಿಸುವಂತಿಲ್ಲ. ಒಮ್ಮೆಯಾದರೂ ಆಟದಲ್ಲಿ ಹೂಡಲೇಬೇಕು. ಆಟದ ಚಕ್ರವಾದರೋ ಸರಾಸರಿಯಲ್ಲಿ ಹಾಕಿದ್ದಕ್ಕಿಂತ ಕಡಿಮೆ ಕೊಡುವಂತೆಯೇ ಕಟ್ಟಿದ್ದು. ಹಣ ತೆಗೆಯಲು ಇಂತಿಷ್ಟು ಕೂಡಿರಬೇಕೆಂಬ ಮಿತಿ ಬೇರೆ. ಮಿತಿಗೆ ಸ್ವಲ್ಪ ಕಡಿಮೆಯಿದ್ದಾಗ ಕೈ ಸುಮ್ಮನಿರುವುದಿಲ್ಲ. ಇನ್ನೊಮ್ಮೆ ತಿರುಗಿಸಿದರೆ ಆದೀತು ಎನ್ನುತ್ತದೆ ಮನಸ್ಸು. ಇಷ್ಟರಲ್ಲಿ ಕಂಪೆನಿ ನಿಯಮ ಬದಲಿಸಿ ಒಂದು ಕಾಗದಕ್ಕೆ ಕೊಡುವ ನಾಣ್ಯವನ್ನು ಇಳಿಸಬಹುದು, ಖಾತೆಯನ್ನೇ ಮುಚ್ಚಬಹುದು. 2025ರಲ್ಲಿ ಮೊಂಟಾನಾ, ಕನೆಕ್ಟಿಕಟ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ರಾಜ್ಯಗಳು ಇಂಥ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದವು. ಕ್ಯಾಲಿಫೋರ್ನಿಯಾದ ನಿಷೇಧ 2026ರ ಜನವರಿ 1ರಿಂದ ಜಾರಿಗೆ ಬಂತು. ಬರೆದಿಟ್ಟ ಕಾಗದಗಳು ಮೇಜಿನ ಮೇಲೆಯೇ ಉಳಿದವು.

ಹಳೆಯ ಬಗೆಯ ಬಹುಮಾನ ಯೋಜನೆಯಲ್ಲಿ ಈ ಆಟದ ಚಕ್ರವಿಲ್ಲ, ನಿಜ. ಅಲ್ಲಿ ಬೇರೆ ಲೆಕ್ಕ. ಒಂದು ಯೋಜನೆಗೆ ಹತ್ತು ಲಕ್ಷ ಕಾರ್ಡುಗಳು ಬರುತ್ತವೆ ಎನ್ನಿ. ನೀವು ಹಟ ತೊಟ್ಟು ತಿಂಗಳಿಗೆ ನೂರು ಕಾರ್ಡು ಕಳುಹಿಸುತ್ತೀರಿ. ಆಗಲೂ ನಿಮ್ಮ ಅವಕಾಶ ಹತ್ತು ಸಾವಿರಕ್ಕೆ ಒಂದು. ತಿಂಗಳಿಗೊಮ್ಮೆ ಚೀಟಿ ಎತ್ತಿದರೆ ಸರಾಸರಿಯಲ್ಲಿ ನಿಮ್ಮ ಸರದಿ ಬರಲು ಎಂಟು ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕು. ಅಂಚೆಚೀಟಿಗೆ ತಿಂಗಳಿಗೆ 78 ಡಾಲರು ಮಾತ್ರ ತಪ್ಪದೆ ಹೋಗುತ್ತದೆ. ಮೇಲೆ ಹೇಳಿದ ದೊಡ್ಡ ಸಂಸ್ಥೆಯ ಮುಖ್ಯ ಬಹುಮಾನ ಸಿಗುವ ಸಂಭವವಂತೂ ನೂರಾರು ಕೋಟಿಯಲ್ಲಿ ಒಂದು ಎಂದು ಅದರ ನಿಯಮಪತ್ರದಲ್ಲೇ ಅಚ್ಚಾಗಿರುತ್ತಿತ್ತು. ಓದುವವರು ಯಾರು?

ಎರಡು ಬಗೆಯ ನಷ್ಟ

ಇಲ್ಲಿ ಓದುಗರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಕಾಗದ ಬರೆಯುವವನು ಹಿನ್ನಡೆಯಿಂದ ಏನೂ ಕಲಿಯಲಿಲ್ಲವೆಂದಲ್ಲ. ಕಲಿತ. ಅಚ್ಚುಕಟ್ಟು, ತಾಳ್ಮೆ, ಲೆಕ್ಕ ಇಡುವ ಅಭ್ಯಾಸ, ನಿಯಮವನ್ನು ಪೂರ್ತಿ ಓದುವ ಎಚ್ಚರ, ಎಲ್ಲವನ್ನೂ ಕಲಿತ. ಇವು ಸದ್ಗುಣಗಳೇ. ಆದರೆ ಈ ಗುಣಗಳೆಲ್ಲ ಅವನನ್ನು ಬಾಗಿಲವರೆಗೆ ಮಾತ್ರ ಕೊಂಡೊಯ್ದವು. ಬಾಗಿಲಿನ ಒಳಗೆ ನಡೆಯುವುದು ಚೀಟಿಯ ಕೆಲಸ. ಚೀಟಿಗೆ ನೆನಪಿಲ್ಲ. ಕಳೆದ ಸಲ ಸೋತವನಿಗೆ ಈ ಸಲ ಕೊಡಬೇಕೆಂಬ ದಾಕ್ಷಿಣ್ಯ ಅದಕ್ಕಿಲ್ಲ. ಚೆಂದದ ಅಕ್ಷರಕ್ಕೆ ಅದು ಬೆಲೆ ಕಟ್ಟುವುದಿಲ್ಲ. ನೂರನೆಯ ಸೋಲಿನಲ್ಲಿ ಮೊದಲ ಸೋಲಿನಲ್ಲಿ ಇಲ್ಲದ ಯಾವ ತಿಳಿವಳಿಕೆಯೂ ಇರುವುದಿಲ್ಲ. ದರ್ಜಿಯ ನೂರನೆಯ ಅಂಗಿ ಹಾಗಲ್ಲ.

ಕಲಿಯುವುದಕ್ಕೆ ಏನೂ ಇಲ್ಲದ ಕಡೆ ಕಲಿಯುತ್ತಿದ್ದೇನೆಂಬ ಭಾವನೆ ಹುಟ್ಟುವುದೇ ಇದರ ದೊಡ್ಡ ಅಪಾಯ. ಬರೀ ಸೋಲಾದರೆ ಮನುಷ್ಯ ಬಿಟ್ಟು ಎದ್ದುಬಿಡುತ್ತಾನೆ. ‘ಸ್ವಲ್ಪದರಲ್ಲಿ ತಪ್ಪಿತು, ಮುಂದಿನ ಸಲ ಸರಿಪಡಿಸಿಕೊಳ್ಳುತ್ತೇನೆ’ ಎಂಬ ಮಾತು ಅವನನ್ನು ಮೇಜಿಗೆ ಕಟ್ಟಿಹಾಕುತ್ತದೆ.

ಈ ವಾದಕ್ಕೆ ನಮ್ಮ ನಾಡಿನಲ್ಲೇ ಒಂದು ಇತಿಹಾಸವಿದೆ. 1950ರ ದಶಕದಲ್ಲಿ ಬೆಂಗಳೂರಿನಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಇಂಗ್ಲಿಷ್ ಪತ್ರಿಕೆ ಪ್ರಕಟವಾಗುತ್ತಿತ್ತು. ಅದರಲ್ಲಿ ಆರ್.ಎಂ.ಡಿ. ಚಮರಬಾಗ್‌ವಾಲಾ ಎಂಬವರ ಪದಬಂಧ ಸ್ಪರ್ಧೆಗಳು ಬರುತ್ತಿದ್ದವು. ಪ್ರವೇಶಪತ್ರ ತುಂಬಿ, ಶುಲ್ಕ ಸೇರಿಸಿ ಕಳುಹಿಸಬೇಕು. ಮುಂಬಯಿ ರಾಜ್ಯದಲ್ಲಿ ಪತ್ರಿಕೆಗೆ ಬಹಳ ಪ್ರಸಾರವಿತ್ತು, ಅಲ್ಲಿ ಪ್ರವೇಶಪತ್ರ ಸಂಗ್ರಹಿಸುವ ಕೇಂದ್ರಗಳೂ ಇದ್ದವು. ಆ ರಾಜ್ಯ ತೆರಿಗೆ ಹಾಕಿದಾಗ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇದು ಬುದ್ಧಿಯ ಸ್ಪರ್ಧೆ, ನ್ಯಾಯವಾದ ವ್ಯಾಪಾರ ಎಂಬುದು ನಡೆಸುವವರ ವಾದ. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ ಇದನ್ನು ಒಪ್ಪಲಿಲ್ಲ. ಇಲ್ಲಿ ಗೆಲ್ಲಬೇಕಾದರೆ ಸರಿಯಾದ ಪದ ಗೊತ್ತಿದ್ದರೆ ಸಾಲದು, ಸ್ಪರ್ಧೆ ನಡೆಸುವವರು ಆರಿಸಿಟ್ಟ ಪದವೇ ತಮ್ಮದೂ ಆಗಿರಬೇಕು. ಹದಿನೈದು ಸುಳಿವು, ಪ್ರತಿಯೊಂದಕ್ಕೂ ಹೊಂದುವ ಎರಡೆರಡು ಪದ ಎಂದಿಟ್ಟುಕೊಂಡರೆ ಒಟ್ಟು 32,768 ಬಗೆಯ ಉತ್ತರಗಳಾಗುತ್ತವೆ. ನಿಘಂಟು ಬಾಯಿಪಾಠವಿದ್ದವನೂ ಅಲ್ಲಿ ಕುರುಡನೇ. ಜೂಜು ಎಂಬುದು ಸಂವಿಧಾನ ರಕ್ಷಿಸುವ ವ್ಯಾಪಾರವಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ಋಗ್ವೇದ, ಮಹಾಭಾರತ, ಮನುಸ್ಮೃತಿಗಳು ಜೂಜನ್ನು ಕಂಡ ಬಗೆಯನ್ನೂ ಆ ತೀರ್ಪು ಸ್ಮರಿಸಿದೆ. ಜೂಜಿನ ಕೆಡುಕನ್ನು ಕಂಡವರು ಮುಸ್ಲಿಮರು ಮಾತ್ರ ಎಂದು ನಾವು ಭಾವಿಸಬೇಕಾಗಿಲ್ಲ.

ಬಾಣ, ಒಂಟೆ ಮತ್ತು ಬಡವರ ಪಾಲು

ಪವಿತ್ರ ಕುರ್‌ಆನ್ ‘ಮೈಸಿರ್’ ಎಂದು ಕರೆದ ಜೂಜು ಯಾವ ರೂಪದಲ್ಲಿತ್ತು ಎಂದು ಅನೇಕರಿಗೆ ತಿಳಿದಿಲ್ಲ. ವ್ಯಾಖ್ಯಾನಕಾರರು ಅದನ್ನು ವಿವರಿಸಿದ್ದಾರೆ. ಅಜ್ಞಾನ ಕಾಲದ ಅರಬರು ಒಂಟೆಯೊಂದನ್ನು ಸಾಲಕ್ಕೆ ಕೊಂಡು ಕೊಯ್ದು ಪಾಲು ಮಾಡುತ್ತಿದ್ದರು. ಹತ್ತು ಬಾಣಗಳಿರುತ್ತಿದ್ದವು. ಏಳಕ್ಕೆ ಒಂದರಿಂದ ಏಳರವರೆಗೆ ಪಾಲುಗಳು, ಉಳಿದ ಮೂರಕ್ಕೆ ಏನೂ ಇಲ್ಲ. ಚೀಲದಲ್ಲಿ ಕಲಕಿ ಒಬ್ಬೊಬ್ಬರ ಹೆಸರಿನಲ್ಲಿ ಎತ್ತುವುದು. ಬರಿಯ ಬಾಣ ಬಂದವನು ಒಂಟೆಯ ಬೆಲೆ ತೆರಬೇಕು. ಗೆದ್ದವನು ಆ ಮಾಂಸವನ್ನು ತಾನು ತಿನ್ನದೆ ಬಡವರಿಗೆ ಹಂಚುತ್ತಿದ್ದ, ಹಂಚಿದ್ದನ್ನು ಹೆಮ್ಮೆಯಿಂದ ಹಾಡಿಕೊಳ್ಳುತ್ತಿದ್ದ. ಈ ಆಟಕ್ಕೆ ಬಾರದವನು ಜಿಪುಣನೆಂದು ನಿಂದೆಗೆ ಗುರಿಯಾಗುತ್ತಿದ್ದ.

ಈ ಹಿನ್ನೆಲೆ ಗೊತ್ತಿದ್ದರೆ ಸೂರಃ ಅಲ್‌ಬಕರಃದ 219ನೆಯ ಸೂಕ್ತದ ತೂಕ ತಿಳಿಯುತ್ತದೆ. ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆ ಎಂಬುದನ್ನು ಅಲ್ಲಾಹನು ಅಲ್ಲಗಳೆಯುವುದಿಲ್ಲ. ಹಸಿದವರ ಒಲೆಗೆ ಮಾಂಸ ಬೀಳುತ್ತಿತ್ತು ಎಂಬುದು ಸುಳ್ಳಲ್ಲ. ಆದರೂ ಅವುಗಳ ಪಾಪವು ಪ್ರಯೋಜನಕ್ಕಿಂತ ದೊಡ್ಡದು ಎಂದು ಅವನು ತೂಗಿ ಹೇಳುತ್ತಾನೆ. ಅಯರ್ಲೆಂಡಿನಲ್ಲಿ 1930ರಲ್ಲಿ ಆಸ್ಪತ್ರೆಗಳ ನೆರವಿಗೆಂದು ಸ್ವೀಪ್‌ಸ್ಟೇಕ್ ಆರಂಭವಾಯಿತು. ಅದರ ಟಿಕೆಟುಗಳು ನಿಷೇಧವಿದ್ದ ಬ್ರಿಟನ್, ಅಮೆರಿಕಗಳಿಗೂ ಅಂಚೆಯಲ್ಲಿ ಗುಟ್ಟಾಗಿ ಹೋಗುತ್ತಿದ್ದವು. ಆಸ್ಪತ್ರೆಗಳು ಎದ್ದದ್ದು ನಿಜ. ನಡೆಸಿದವರು ಅಪಾರ ಶ್ರೀಮಂತರಾದದ್ದೂ ನಿಜ. 1987ರಲ್ಲಿ ಅದು ಕೊನೆಗೊಂಡಿತು. ಒಂಟೆಯ ಮಾಂಸ ಮತ್ತು ಆಸ್ಪತ್ರೆಯ ಗೋಡೆ, ಎರಡೂ ಒಂದೇ ವಾದದ ಎರಡು ಕಾಲಗಳು.

ಸೂರಃ ಅಲ್‌ಮಾಇದಃದ 90, 91ನೆಯ ಸೂಕ್ತಗಳಲ್ಲಿ ಆಜ್ಞೆ ಪೂರ್ಣವಾಯಿತು. ಅಲ್ಲಿ ಕಾರಣಗಳನ್ನೂ ಹೇಳಲಾಗಿದೆ. ಪರಸ್ಪರ ದ್ವೇಷ ಹುಟ್ಟುತ್ತದೆ, ಅಲ್ಲಾಹನ ಸ್ಮರಣೆಗೂ ನಮಾಝಿಗೂ ತಡೆಯಾಗುತ್ತದೆ. ಕಾಗದ ಬರೆಯುವವನ ಮನೆಯಲ್ಲಿ ದ್ವೇಷವೆಲ್ಲಿ ಎಂದು ಕೇಳಬಹುದು. ಅವನ ಇಶಾ ನಮಾಝ್ ಎಷ್ಟು ಹೊತ್ತಿಗೆ ಆಗುತ್ತಿದೆ, ಅಂಚೆಯವನು ಬರುವ ಹೊತ್ತಿನಲ್ಲಿ ಅವನ ಮನಸ್ಸು ಎಲ್ಲಿರುತ್ತದೆ, ಮಗು ಪಾಠ ಹೇಳಿಕೊಡಿ ಎಂದು ಬಂದಾಗ ಅವನ ಉತ್ತರವೇನು ಎಂಬುದನ್ನು ಆ ಮನೆಯವರೇ ಹೇಳಬೇಕು.

ಉಡುಗೊರೆಯೋ ಪಣವೋ?

ಈಗ ಮೊದಲ ಪ್ರಶ್ನೆಗೆ ಬರೋಣ. ಹಣ ಕಟ್ಟದೆ ಬಂದ ಬಹುಮಾನ ಜೂಜೇ? ಜೂಜಿನ ತಿರುಳೆಂದರೆ ಪಣ. ತನ್ನದನ್ನು ಅಪಾಯಕ್ಕೊಡ್ಡಿ, ಅದೃಷ್ಟದ ಮೇಲೆ ಇನ್ನೊಬ್ಬರದನ್ನು ಪಡೆಯುವುದು ಅಥವಾ ತನ್ನದನ್ನು ಕಳೆದುಕೊಳ್ಳುವುದು. ವ್ಯಾಪಾರಿಯು ಸ್ಪರ್ಧಿಗಳಿಂದ ಏನನ್ನೂ ಪಡೆಯದೆ, ಸರಕಿನ ಬೆಲೆಯನ್ನೂ ಏರಿಸದೆ, ತನ್ನ ಸ್ವಂತ ಹಣದಿಂದ ಚೀಟಿ ಎತ್ತಿ ಕೊಟ್ಟರೆ ಅದನ್ನು ಉಡುಗೊರೆಯೆಂದು ಪರಿಗಣಿಸಬಹುದೆಂದು ಸಮಕಾಲೀನ ವಿದ್ವಾಂಸರಲ್ಲಿ ಹಲವರು ಹೇಳಿದ್ದಾರೆ. ಕೊಳ್ಳುವವನು ಸರಕಿಗಾಗಿ ಕೊಳ್ಳಬೇಕೇ ಹೊರತು ಬಹುಮಾನಕ್ಕಾಗಿ ಅಲ್ಲ ಎಂಬುದು ಅವರ ಷರತ್ತು. ಇದನ್ನೂ ಒಪ್ಪದೆ ಪೂರ್ತಿ ದೂರವಿರಬೇಕೆಂದ ವಿದ್ವಾಂಸರೂ ಇದ್ದಾರೆ. ಆದ್ದರಿಂದ ಎಂದೋ ಒಮ್ಮೆ ಕಾರ್ಡು ಬರೆದು ಹಾಕಿದವನನ್ನು ಜೂಜುಕೋರನೆಂದು ಕರೆಯುವ ಅವಸರ ಯಾರಿಗೂ ಬೇಡ.

ಆದರೆ ಎರಡು ಮಾತು. ಅಂಚೆವೆಚ್ಚ ಒಂದು ಕಾರ್ಡಿಗೆ ಏನೂ ಅಲ್ಲ. ತಿಂಗಳಿಗೆ ನೂರು ಕಾರ್ಡು ಹಾಕಿ, ‘ಇಷ್ಟು ಹಾಕಿದ್ದೇನೆ, ಇಷ್ಟು ಬರಬೇಕು’ ಎಂದು ಕಾಯುವವನ ಮನಸ್ಸಿನಲ್ಲಿ ಅದು ಅಂಚೆವೆಚ್ಚವಾಗಿ ಉಳಿಯುವುದಿಲ್ಲ, ಪಣವಾಗುತ್ತದೆ. ಹಣ ಅಂಚೆ ಇಲಾಖೆಗೆ ಹೋಯಿತೇ ಕಂಪೆನಿಗೆ ಹೋಯಿತೇ ಎಂಬುದು ನ್ಯಾಯಾಲಯಕ್ಕೆ ಮುಖ್ಯವಾದೀತು, ಆ ಮನೆಯ ಅಡಿಗೆಮನೆಗೆ ಅಲ್ಲ. ಇನ್ನು ಹೊಸ ಬಗೆಯ ಆಟದ ನಾಣ್ಯಗಳ ವಿಷಯದಲ್ಲಿ ಸಂದೇಹಕ್ಕೇ ಎಡೆಯಿಲ್ಲ. ಕಾಗದಕ್ಕೆ ಬಂದ ನಾಣ್ಯ ಉಡುಗೊರೆಯೇ ಇರಬಹುದು. ಹಣದ ಬೆಲೆಯಿರುವ ಅದನ್ನು ಚಕ್ರದ ಮೇಲೆ ಹೂಡಿದ ಕ್ಷಣದಲ್ಲಿ ಅದು ಮೈಸಿರ್. ಉಡುಗೊರೆಯಾಗಿ ಬಂದ ಹಣದಲ್ಲಿ ಜೂಜಾಡಿದರೆ ಅದು ಜೂಜಲ್ಲವೆಂದು ಯಾರೂ ಹೇಳಲಾರರು.

ಊರಿನಲ್ಲಿದ್ದೇವೆ, ಇದು ನಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುವವರು ಗಲ್ಫ್ ವಿಮಾನ ನಿಲ್ದಾಣಗಳ ಟಿಕೆಟನ್ನು ನೆನಪಿಸಿಕೊಳ್ಳಲಿ. ದುಬೈಯಲ್ಲಿ 1999ರಲ್ಲಿ ಆರಂಭವಾದ ಯೋಜನೆಯಲ್ಲಿ ಸಾವಿರ ದಿರ್ಹಮಿನ ಐದು ಸಾವಿರ ಟಿಕೆಟುಗಳು, ಬಹುಮಾನ ಹತ್ತು ಲಕ್ಷ ಡಾಲರು. ಹತ್ತು ಜನ ಗೆಳೆಯರು ನೂರು ನೂರು ದಿರ್ಹಮ್ ಸೇರಿಸಿ ಕೊಳ್ಳುವುದುಂಟು. ಅಲ್ಲಿ ಕಟ್ಟಿದ್ದು ಪಣವೇ, ಯಾವ ತೆರೆಯೂ ಇಲ್ಲ.

ಕೊಡಲಿಯ ಹದಿನೈದು ದಿನ

ಉಪ ಆದಾಯದ ಬಯಕೆ ತಪ್ಪಲ್ಲ. ಮನೆಯ ಖರ್ಚು ತೂಗಿಸಲು ಹೆಣಗುವವನಿಗೆ ಬರೀ ಉಪದೇಶ ಕೊಟ್ಟರೆ ಅದು ಅರ್ಧ ದೀನ್ ಮಾತ್ರ. ಪ್ರವಾದಿವರ್ಯ(ಸ)ರು ಅಂಥವನಿಗೆ ಏನು ಮಾಡಿದರೆಂಬುದನ್ನು ಅನಸ್(ರ)ರವರ ವರದಿಯೊಂದು ತಿಳಿಸುತ್ತದೆ. ಅಬೂದಾವೂದ್, ಇಬ್ನು ಮಾಜಃ ಗ್ರಂಥಗಳಲ್ಲಿ ಇದು ಇದೆ.

ಅನ್ಸಾರ್‌ಗಳ ಪೈಕಿ ಒಬ್ಬರು ಬಂದು ಸಹಾಯ ಬೇಡಿದರು. ಮನೆಯಲ್ಲಿ ಏನೂ ಇಲ್ಲವೇ ಎಂದು ಪ್ರವಾದಿ(ಸ)ರು ಕೇಳಿದರು. ಅರ್ಧ ಹೊದೆದು ಅರ್ಧ ಹಾಸಿಕೊಳ್ಳುವ ಒಂದು ಒರಟು ಬಟ್ಟೆ, ನೀರು ಕುಡಿಯುವ ಒಂದು ಬಟ್ಟಲು ಇದೆ ಎಂದರು ಅವರು. ಅವೆರಡನ್ನೂ ತರಿಸಿ ಪ್ರವಾದಿ(ಸ)ರು ತಾವೇ ಕೈಯಲ್ಲಿ ಹಿಡಿದು ಹರಾಜು ಕೂಗಿದರು. ಒಬ್ಬರು ಒಂದು ದಿರ್ಹಮ್ ಎಂದರು. ಹೆಚ್ಚು ಕೊಡುವವರು ಯಾರೆಂದು ಮತ್ತೆ ಮತ್ತೆ ಕೇಳಿದಾಗ ಇನ್ನೊಬ್ಬರು ಎರಡು ದಿರ್ಹಮಿಗೆ ಕೊಂಡರು. ಒಂದು ದಿರ್ಹಮಿಗೆ ಮನೆಗೆ ಆಹಾರ, ಇನ್ನೊಂದಕ್ಕೆ ಕೊಡಲಿಯ ಅಲಗು. ಅಲಗಿಗೆ ಪ್ರವಾದಿ(ಸ)ರು ತಮ್ಮ ಕೈಯಾರೆ ಹಿಡಿ ಹಾಕಿಕೊಟ್ಟರು. ಸೌದೆ ಕಡಿದು ಮಾರು, ಹದಿನೈದು ದಿನ ನಿನ್ನ ಮುಖ ನಾನು ಕಾಣಬಾರದು ಎಂದು ಕಳುಹಿಸಿದರು. ಅವರು ಮರಳಿ ಬಂದಾಗ ಕೈಯಲ್ಲಿ ಹತ್ತು ದಿರ್ಹಮ್ ಇತ್ತು. ಸ್ವಲ್ಪದಿಂದ ಬಟ್ಟೆ ಕೊಂಡರು, ಸ್ವಲ್ಪದಿಂದ ಆಹಾರ.

ಈ ಘಟನೆಯನ್ನು ನಾವು ಸಾಮಾನ್ಯವಾಗಿ ಭಿಕ್ಷಾಟನೆಯ ವಿರುದ್ಧ ಹೇಳಿ ಮುಗಿಸುತ್ತೇವೆ. ಆ ಹದಿನೈದು ದಿನಗಳಲ್ಲಿ ಏನೇನು ನಡೆದಿರಬಹುದೆಂದು ಯೋಚಿಸುವುದಿಲ್ಲ. ಸೌದೆ ಕಡಿದು ಪಳಗದ ಕೈಗೆ ಮೊದಲ ದಿನ ಬೊಬ್ಬೆ ಬಂದಿರಬಹುದು. ಒಂದು ದಿನ ಹಸಿ ಸೌದೆ ತಂದು ಯಾರೂ ಕೊಳ್ಳದೆ ಹೋಗಿರಬಹುದು. ಯಾವ ಮರ ಬೇಗ ಸೀಳುತ್ತದೆ, ಪೇಟೆಯಲ್ಲಿ ಯಾವ ಹೊತ್ತಿಗೆ ಕೊಳ್ಳುವವರಿರುತ್ತಾರೆ ಎಂಬುದು ಆಮೇಲೆ ತಿಳಿದಿರಬಹುದು. ಅಲ್ಲಿ ಒಂದೊಂದು ಹಿನ್ನಡೆಯೂ ಮರುದಿನದ ಹೊರೆಯನ್ನು ದೊಡ್ಡದು ಮಾಡುವಂಥದ್ದು. ಗಮನಿಸಿ, ಬಂಡವಾಳ ಹೊರಗಿನಿಂದ ಬರಲಿಲ್ಲ, ಮನೆಯೊಳಗೇ ಇದ್ದದ್ದು. ಅವಧಿ ಗೊತ್ತುಪಡಿಸಿತ್ತು. ಅವಧಿ ಮುಗಿದ ಮೇಲೆ ಬಂದು ಲೆಕ್ಕ ಒಪ್ಪಿಸುವುದಿತ್ತು. ಯಾವುದೇ ಉಪಕಸುಬನ್ನು ಅಳೆಯಲು ಇದಕ್ಕಿಂತ ಸರಳವಾದ ಅಳತೆಗೋಲು ಸಿಗದು. ಕಾಗದ ಬರೆಯುವವನ ಅಚ್ಚುಕಟ್ಟು, ಅವನ ದಿನಾಂಕದ ಪುಸ್ತಕ, ರಾತ್ರಿಯ ಎರಡು ಗಂಟೆ, ಇವೂ ಮನೆ ಹೊರಗೆ ಹುಡುಕಬೇಕಾಗಿಲ್ಲದ ಬಂಡವಾಳವೇ. ಅಂಗಡಿಯೊಂದರ ಲೆಕ್ಕ ಬರೆಯಲು, ನೆರೆಯ ಮಕ್ಕಳಿಗೆ ಪಾಠ ಹೇಳಲು, ಅರ್ಜಿ ಬರೆಯಬಾರದವರಿಗೆ ಬರೆದುಕೊಡಲು ಅದೇ ಬೇಕಾಗುತ್ತದೆ. ಪರದೇಶದಲ್ಲಿರುವವರು ತಮ್ಮ ವೀಸಾದ ನಿಯಮ ಯಾವ ಕೆಲಸಕ್ಕೆ ಒಪ್ಪುತ್ತದೆಂದು ನೋಡಿಕೊಂಡೇ ಮುಂದುವರಿಯಬೇಕು.

‘ಹಾಗೆ ಮಾಡಿದ್ದರೆ’ ಎಂಬ ಮಾತು

ಅಬೂಹುರೈರಃ(ರ)ರಿಂದ ಮುಸ್ಲಿಮ್ ವರದಿ ಮಾಡಿದ ಪ್ರಸಿದ್ಧ ಹದೀಸೊಂದರಲ್ಲಿ ಹಿನ್ನಡೆಯ ಬಗ್ಗೆ ನೇರ ಮಾರ್ಗದರ್ಶನವಿದೆ. ನಿನಗೆ ಪ್ರಯೋಜನಕರವಾದುದಕ್ಕೆ ಶ್ರಮಿಸು, ಅಲ್ಲಾಹನ ಸಹಾಯ ಬೇಡು, ಕೈಚೆಲ್ಲಬೇಡ, ಏನಾದರೂ ಬಂದೆರಗಿದರೆ ‘ಹಾಗೆ ಮಾಡಿದ್ದರೆ ಹೀಗಾಗುತ್ತಿತ್ತು’ ಎನ್ನಬೇಡ, ಆ ‘ದ್ದರೆ’ ಶೈತಾನನ ಕೆಲಸಕ್ಕೆ ಬಾಗಿಲು ತೆರೆಯುತ್ತದೆ ಎಂಬುದು ಅದರ ಸಾರ. ಇದು ತಪ್ಪನ್ನು ತಿದ್ದಿಕೊಳ್ಳುವುದಕ್ಕೆ ಅಡ್ಡಿಯಲ್ಲ. ಒಂದೇ ಬಿಲದಿಂದ ಎರಡು ಬಾರಿ ಕಚ್ಚಿಸಿಕೊಳ್ಳಬಾರದೆಂದು ವಿಶ್ವಾಸಿಗೆ ಎಚ್ಚರಿಸಿದವರೂ ಅದೇ ಪ್ರವಾದಿ(ಸ)ರು. ಮುಂದಿನ ಹೆಜ್ಜೆಯನ್ನು ತಿದ್ದುವ ಯೋಚನೆ ಬೇರೆ, ಹಿಂದಿನ ಸೋಲನ್ನು ಮೆಲುಕು ಹಾಕುವ ‘ದ್ದರೆ’ ಬೇರೆ. ಚೀಟಿಯ ಆಟದಲ್ಲಿ ಸಿಗುವುದು ಎರಡನೆಯದೇ. ಒಂದು ದಿನ ಮೊದಲು ಕಳುಹಿಸಿದ್ದರೆ, ಇನ್ನೊಂದು ಲಕೋಟೆ ಹಾಕಿದ್ದರೆ, ಆ ಕೊನೆಯ ಸಲ ತಿರುಗಿಸದೆ ಇದ್ದರೆ.

ಈ ‘ದ್ದರೆ’ಯನ್ನು ಬಲ್ಲವರೇ ಆ ಕಾಗದಗಳನ್ನು ಅಚ್ಚು ಹಾಕಿಸುತ್ತಿದ್ದರು. ಅಮೆರಿಕನ್ ಫ್ಯಾಮಿಲಿ ಪಬ್ಲಿಷರ್ಸ್ ಎಂಬ ಇನ್ನೊಂದು ಸಂಸ್ಥೆಯ ಪತ್ರಗಳನ್ನು ನಂಬಿ, ತಾವು ಗೆದ್ದೇಬಿಟ್ಟೆವೆಂದು 1990ರ ದಶಕದಲ್ಲಿ ಕೆಲವು ವೃದ್ಧರು ಬಹುಮಾನ ಪಡೆಯಲು ಫ್ಲೋರಿಡಾದ ಟ್ಯಾಂಪಾ ನಗರಕ್ಕೆ ವಿಮಾನದಲ್ಲಿ ಹೋಗಿದ್ದರು. ಅಲ್ಲಿ ಅವರಿಗೆ ಏನೂ ಸಿಗಲಿಲ್ಲ. 1999ರಲ್ಲಿ ಅಮೆರಿಕ ಸರಕಾರ ಮೋಸದ ಅಂಚೆಯ ವಿರುದ್ಧ ಕಾನೂನು ಮಾಡಿ, ಖರೀದಿಯಿಂದ ಗೆಲ್ಲುವ ಸಂಭವ ಹೆಚ್ಚುವುದಿಲ್ಲ ಎಂದು ಸ್ಪಷ್ಟವಾಗಿ ತಿಳಿಸಬೇಕೆಂದು ವಿಧಿಸಿತು. ಆದರೂ 2023ರಲ್ಲಿ ಪಬ್ಲಿಷರ್ಸ್ ಕ್ಲಿಯರಿಂಗ್ ಹೌಸ್, ಖರೀದಿಸಿದರೆ ಗೆಲ್ಲುವರೆಂಬ ಭ್ರಮೆ ಹುಟ್ಟಿಸಿದ ಆರೋಪದ ಮೇಲೆ ಫೆಡರಲ್ ಟ್ರೇಡ್ ಕಮಿಷನ್ನಿಗೆ 1 ಕೋಟಿ 85 ಲಕ್ಷ ಡಾಲರು ಕೊಡಲು ಒಪ್ಪಬೇಕಾಯಿತು.

ಗೆದ್ದವರ ಕಥೆಯೂ ಉಂಟು. ವಾರಕ್ಕೆ ಐದು ಸಾವಿರ ಡಾಲರು, ಜೀವಮಾನವಿಡೀ, ಎಂಬ ಬಹುಮಾನವನ್ನು ಕೆಲವರಿಗೆ ಆ ಸಂಸ್ಥೆ ನಿಜವಾಗಿಯೂ ಕೊಟ್ಟಿತ್ತು. ಅದನ್ನು ನಂಬಿ ಅವರು ಬದುಕನ್ನು ಕಟ್ಟಿಕೊಂಡರು. 2025ರ ಏಪ್ರಿಲಿನಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಅದನ್ನು ಕೊಂಡುಕೊಂಡದ್ದು ಹೊಸ ಬಗೆಯ ಸ್ವೀಪ್‌ಸ್ಟೇಕ್ಸ್ ಆಟ ನಡೆಸುವ ಕಂಪೆನಿಯೇ. ಹಿಂದೆ ಗೆದ್ದವರ ಬಾಕಿಯನ್ನು ಅದು ತನ್ನ ಹೊಣೆಯೆಂದು ಒಪ್ಪಲಿಲ್ಲ. ಜೀವಮಾನದ ಬಹುಮಾನ ಕಂಪೆನಿಯ ಜೀವಮಾನದಷ್ಟೇ ಇತ್ತು.

ಈಗಾಗಲೇ ತೊಡಗಿರುವವರಿಗೆ

ಇಂಥ ಕಾಗದಗಳಲ್ಲಿ ಮುಳುಗಿರುವ ಮಗನೋ ತಮ್ಮನೋ ಮನೆಯಲ್ಲಿದ್ದರೆ ಮೊದಲು ಗದರಬೇಡಿ. ನಾಚಿಕೆಯಾದವನು ಬಿಡುವುದಿಲ್ಲ, ಅಡಗಿಸುತ್ತಾನೆ. ಕಳೆದ ಆರು ತಿಂಗಳ ಲೆಕ್ಕವನ್ನು ಒಟ್ಟಿಗೆ ಕುಳಿತು ಬರೆಯಿರಿ. ಅಂಚೆಚೀಟಿ, ಲಕೋಟೆ, ಬರೆದ ಗಂಟೆಗಳು, ಕೈಗೆ ನಿಜವಾಗಿ ಬಂದ ಹಣ, ಎಲ್ಲವನ್ನೂ. ಖಾತೆಯಲ್ಲಿ ಕಾಣುವ ನಾಣ್ಯವನ್ನು ಆದಾಯವೆಂದು ಬರೆಯಬಾರದು. ಗೆದ್ದದ್ದು ಅಲ್ಲಿ ಆದಾಯ ತೆರಿಗೆಗೆ ಒಳಪಡುತ್ತದೆಂಬುದನ್ನೂ ಮರೆಯಬಾರದು. ಹೆಚ್ಚಿನವರು ಈ ಲೆಕ್ಕವನ್ನು ಒಮ್ಮೆಯೂ ಬರೆದಿರುವುದಿಲ್ಲ.

ಚಕ್ರದ ಆಟದಿಂದ ಬಂದ ಹಣ ಈಗಾಗಲೇ ಕೈಯಲ್ಲಿದ್ದರೆ ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ತೌಬಾ ಮಾಡಿ, ಪ್ರತಿಫಲದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟು ಕೈತೊಳೆದುಕೊಳ್ಳುವುದು ವಿದ್ವಾಂಸರು ಸಾಮಾನ್ಯವಾಗಿ ಹೇಳುವ ದಾರಿ. ಖಾತೆಯಲ್ಲಿ ಆಡದೆ ಉಳಿದಿರುವ ನಾಣ್ಯಗಳನ್ನು ಆಡಿ ಮುಗಿಸುವ ಅಗತ್ಯವಿಲ್ಲ. ಖಾತೆಯನ್ನು ಹಾಗೆಯೇ ಮುಚ್ಚಿಬಿಡಬಹುದು. ಸಾಲ ಮಾಡಿ ಆಡಿದ್ದರೆ ಆ ಸಾಲವನ್ನು ಮನೆಯವರಿಗೆ ತಿಳಿಸಿ, ತೀರಿಸುವ ಕಂತನ್ನು ಈ ತಿಂಗಳಿಂದಲೇ ಗೊತ್ತುಪಡಿಸಿಕೊಳ್ಳಬೇಕು. ಒಬ್ಬನೇ ನಿಭಾಯಿಸಲಾಗದಿದ್ದರೆ ಮಸೀದಿಯ ಇಮಾಮರನ್ನೋ ನಂಬಿಕಸ್ಥ ಹಿರಿಯರೊಬ್ಬರನ್ನೋ ಕಂಡು, ಹದಿನೈದು ದಿನಕ್ಕೊಮ್ಮೆ ಲೆಕ್ಕ ತೋರಿಸುವ ಏರ್ಪಾಡು ಮಾಡಿಕೊಳ್ಳಬಹುದು.